ಮೊದ್ಲ ಏನಾತು?

ಕಲಬುರಗಿಯ ಹೈಕೋರ್ಟ್ ಪೀಠದಲ್ಲಿ ಒಂದು ಅಪೀಲು ಮುಗಿಸಿಕೊಂಡು ಹೊರಗೆ ಬರುತ್ತಿದ್ದೆ. ಮೊಬೈಲು ಗುಂಯ್‌ಗುಟ್ಟಿತು. ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಮೂರೇ ಶಬ್ದ: ‘ಹ್ಯಾಡ್ ಸರ್ ಹೋದ್ರು.’ ಕೈಯಲ್ಲಿದ್ದ ಕಡತವನ್ನು ಜೂನಿಯರ್ ಹುಡುಗನಿಗೆ ಕೊಟ್ಟು ಅಲ್ಲೇ ಕಟ್ಟೆಯ ಮೇಲೆ ಕುಳಿತೆ. ಅವನು ಇಣುಕಿ ನೋಡಿ, ‘ಹೆಡ್ ಸರ್ ಅಂತ ಬರೀಬೇಕಿತ್ತೇನ್ರೀ, ತಪ್ಪಿ ಬರ್ದಾರ’ ಅಂದ. ತಪ್ಪಿರಲಿಲ್ಲ. ಅವರು ಹೆಡ್ ಸರ್ ಅಲ್ಲ, ಹ್ಯಾಡ್ ಸರ್, ಪಿಯುಸಿಯಲ್ಲಿ ನಮಗೆ ಇಂಗ್ಲಿಷ್ ಕಲಿಸಿದವರು.

ಆ ಹೆಸರು ಯಾವ ಬ್ಯಾಚಿನವರು ಇಟ್ಟದ್ದೋ ತಿಳಿಯದು. 1995ರಲ್ಲಿ ನಾವು ಪಿಯುಸಿಗೆ ಬರುವ ಹೊತ್ತಿಗೆ ಅದು ಊರ ತುಂಬ ಹರಡಿತ್ತು. ಹೆಸರು ಯಾಕೆ ಬಂತೆಂದು ಮಾತ್ರ ಮೊದಲ ವಾರದಲ್ಲೇ ಗೊತ್ತಾಯಿತು, ಅದೂ ನನ್ನಿಂದಲೇ.

ನಮ್ಮದು ಇಂಡಿ ರೋಡ್ ಸ್ಟೇಶನ್ನಿನ ಹತ್ತಿರದ ಹಳ್ಳಿ. ಐದನೇ ಇಯತ್ತೆಗೆ ಬಂದ ಮೇಲೆ ಎಬಿಸಿಡಿ ಕಂಡವರು ನಾವು. ಮೀಟರ್ ಗೇಜಿನ ಪ್ಯಾಸೆಂಜರ್ ಗಾಡಿ ಹತ್ತಿ ಬಿಜಾಪುರಕ್ಕೆ ಬಂದು (ಆಗ ಊರಿನ ಹೆಸರು ಅದೇ), ಬುತ್ತಿಗಂಟು ಬೆಂಚಿನ ಕೆಳಗಿಟ್ಟು ಕೂಡ್ರುತ್ತಿದ್ದೆವು. ನಮ್ಮಂಥ ಕನ್ನಡ ಮಾಧ್ಯಮದವರಿಗೆಂದೇ ಸರ್ ಕಾಲೇಜು ಶುರುವಾಗುವ ಮೊದಲು ಬೆಳಿಗ್ಗೆ ಒಂದು ತಾಸು ಬೇರೆ ಕ್ಲಾಸ್ ತೆಗೆದುಕೊಳ್ಳುತ್ತಿದ್ದರು. ಅದಕ್ಕೆ ಫೀಯಿಲ್ಲ, ಹಾಜರಿಪುಸ್ತಕವೂ ಇಲ್ಲ. ನನ್ನನ್ನು ಅವರು ಕೂಡಿಸಿದ್ದು ಮೂರನೆಯ ಸಾಲಿನಲ್ಲಿ. ಓದಿದರೆ ತಿಳಿಯುತ್ತದೆ, ಬರೆದರೆ ಅಷ್ಟಿಷ್ಟು ಸರಿ ಬರುತ್ತದೆ, ಬಾಯಿ ತೆಗೆದರೆ ಗಂಟಲು ಕಟ್ಟುತ್ತದೆ ಅನ್ನುವವರ ಸಾಲು ಅದು. ‘ನೀವು ಅರ್ಧಾ ಹೊಳಿ ದಾಟೀರಿ. ಮುಳುಗೂದು ಅಲ್ಲೇ’ ಅನ್ನುತ್ತಿದ್ದರು.

ಮೊದಲ ವಾರ ನಾನೆದ್ದು ಧೈರ್ಯ ಮಾಡಿ ಹೇಳಿದ್ದು: ‘ಸರ್, ಐ ಹ್ಯಾಡ್ ಕಮ್ ಟು ಯುವರ್ ಹೌಸ್ ಯೆಸ್ಟರ್‌ಡೇ.’ ನಿನ್ನೆ ನಿಮ್ಮ ಮನೆಗೆ ಬಂದಿದ್ದೆ ಅನ್ನುವುದನ್ನು ಹಾಗೇ ಇಂಗ್ಲಿಷಿಗೆ ಇಳಿಸಿದ್ದೆ. ಸರ್ ಸೀಮೆಸುಣ್ಣ ಕೆಳಗಿಟ್ಟರು.

‘ಬಂದಿದ್ದಿ. ನಾ ಇದ್ನೇನು?’

‘ಇಲ್ರೀ, ನೀವು ಹೊರಗ ಹೋಗಿದ್ರಿ.’

‘ಮೊದ್ಲ ಏನಾತು? ನೀ ಬಂದದ್ದೋ, ನಾ ಹೋದದ್ದೋ?’

‘ನೀವು ಹೋದದ್ರೀ.’

‘ಹಂಗಾರ ಹ್ಯಾಡ್ ಯಾರದು?’

‘ನಿಮ್ದ್ರೀ.’

‘ಮತ್ತ ನನ್ನ ಹ್ಯಾಡ್ ನೀ ಯಾಕ ಒಯ್ದಿ? ಕೊಡು ಇಲ್ಲಿ.’

ನಿಜಕ್ಕೂ ಕೈ ಚಾಚಿದರು. ಇಡೀ ಕ್ಲಾಸು ನಕ್ಕಿತು. ಬೋರ್ಡಿನ ಮೇಲೆ ಬರೆದರು: ‘ವೆನ್ ಐ ಕೇಮ್, ಯು ಹ್ಯಾಡ್ ಗಾನ್ ಔಟ್.’ ಕನ್ನಡದಲ್ಲಿ ‘ಬಂದಿದ್ದೆ’ ಅಂತ ಒಂದೇ ಘಟನೆಗೂ ಹೇಳಬಹುದು, ಅದು ನಮ್ಮ ಮಾತಿನ ರೀತಿ. ಇಂಗ್ಲಿಷಿನ ಹ್ಯಾಡ್‌ಗೆ ಎರಡು ಘಟನೆ ಬೇಕು. ಎರಡರಲ್ಲಿ ಹಿಂದಿನದಕ್ಕೆ ಮಾತ್ರ ಅದು ಸಲ್ಲುತ್ತದೆ. ಇಷ್ಟು ತಿಳಿಸಲು ಅವರು ‘ಪಾಸ್ಟ್ ಪರ್ಫೆಕ್ಟ್’ ಅನ್ನುವ ಶಬ್ದವನ್ನೇ ಬಳಸಲಿಲ್ಲ. ಅದು ವಾರದ ಮೇಲೆ ಬಂತು.

‘ಮೊದ್ಲ ಏನಾತು?’ ಅವರ ಊರುಗೋಲಿನಂಥ ಪ್ರಶ್ನೆ. ಆ ಪ್ರಶ್ನೆಗೆ ಊರಿನ ಕಲ್ಲುಗಳನ್ನೆಲ್ಲ ಸಾಕ್ಷಿ ಕರೆಯುತ್ತಿದ್ದರು. ಮಹಮ್ಮದ್ ಆದಿಲ್ ಶಾಹ ತೀರಿದ್ದು 1656, ಔರಂಗಜೇಬ ಬಿಜಾಪುರ ಹಿಡಿದದ್ದು 1686. ಕೂಡಿಸಿ ಹೇಳಿರಿ ಅನ್ನುವರು. ನಾವು ತಡವರಿಸಿ ತಡವರಿಸಿ ಕೊನೆಗೆ ಮುಟ್ಟುತ್ತಿದ್ದದ್ದು: ‘ವೆನ್ ಔರಂಗಜೇಬ್ ಟುಕ್ ಬಿಜಾಪುರ್, ಮಹಮ್ಮದ್ ಹ್ಯಾಡ್ ಬೀನ್ ಡೆಡ್ ಫಾರ್ ಥರ್ಟಿ ಇಯರ್ಸ್.’ ಮಲಿಕ್-ಎ-ಮೈದಾನ್ ತೋಪು ನಮ್ಮ ಶೇರ್ಜಾ ಬುರುಜಿಗೆ ಬರುವ ಮೊದಲು, 1549ರಲ್ಲಿ, ಅಹಮದನಗರದಲ್ಲಿ ಎರಕ ಹೊಯ್ದದ್ದು. ಅದಕ್ಕೂ ಒಂದು ಹ್ಯಾಡ್. ಎಲ್ಲಕ್ಕಿಂತ ನನಗೆ ಹಿಡಿಸಿದ್ದು ಬಾರಾ ಕಮಾನ್. ಎರಡನೆಯ ಅಲಿ ಆದಿಲ್ ಶಾಹನ ಗೋರಿಯ ಮೇಲೆ ಛಾವಣಿಯಿಲ್ಲದೆ ನಿಂತ ಆ ಕಮಾನುಗಳನ್ನು ನೋಡಿ ನಾವು ಬೆಳೆದಿದ್ದೆವು. ಸರ್ ಕಿಟಕಿಯತ್ತ ಕೈ ಮಾಡಿ ಹೇಳಿದರು: ‘ಗೋಲ ಗುಮ್ಮಟ ಕಟ್ಟಿದ್ರು. ಬಾರಾ ಕಮಾನ್ ಕಟ್ಟಲಾಕತ್ತಿದ್ರು. ಕಟ್ಟಲಾಕತ್ತಿದ್ರು ಅಂದ್ರ ಮುಗೀತೋ ಇಲ್ಲೋ ಆ ಮಾತಿನಾಗ ಇಲ್ಲ. ಹೋಗಿ ನೋಡ್ರಿ, ಅದಽ ಪಾಸ್ಟ್ ಕಂಟಿನ್ಯುಯಸ್.’ ಇವತ್ತಿಗೂ ಆ ದಾರಿಯಲ್ಲಿ ಹೋದರೆ ನನಗೆ ಕಲ್ಲಿನ ಕಮಾನು ಕಾಣುವುದಿಲ್ಲ, ಮುಗಿಯದ ಕ್ರಿಯಾಪದ ಕಾಣುತ್ತದೆ.

‘ಡಿಡ್ ನಾಟ್ ಕೇಮ್’ ಅನ್ನುವ ನಮ್ಮೆಲ್ಲರ ರೋಗಕ್ಕೆ ಅವರು ಕೊಟ್ಟ ಔಷಧವೂ ಕನ್ನಡದ್ದೇ. ‘ಯಾರರ ಬಂದಲಿಲ್ಲ ಅಂತಾರೇನಲೇ? ಬರಲಿಲ್ಲ ಅಂತಾರ. ಹಂಗಽ ಇದು.’ ಅಷ್ಟೇ. ಆ ತಪ್ಪು ನನ್ನ ಬಾಯಲ್ಲಿ ಮತ್ತೆ ಬಂದದ್ದಿಲ್ಲ.

ಇನ್ನೊಂದು ಮಾತು ಅವರು ಹೇಳಿದ್ದನ್ನು ನಾನು ಆಮೇಲೆ ಯಾವ ಪುಸ್ತಕದಲ್ಲೂ ಓದಿಲ್ಲ. ‘ಬರುತ್ತಿದ್ದನು’ ಅಂತ ಪುಸ್ತಕದ ಕನ್ನಡ ಬರೆದರೆ, ಆ ಹೊತ್ತಿನಲ್ಲಿ ಬರುತ್ತಿದ್ದನೋ, ದಿನಾಲು ಬರುವ ರೂಢಿಯಿತ್ತೋ ಬಿಡಿಸಿ ಹೇಳಬೇಕಾಗುತ್ತದೆ. ಇಂಗ್ಲಿಷಿನಲ್ಲಿ ಒಂದು ‘ವಾಸ್ ಕಮಿಂಗ್’, ಇನ್ನೊಂದು ‘ಯೂಸ್ಡ್ ಟು ಕಮ್’. ನಾವೆಲ್ಲ ಎರಡನ್ನೂ ಕಲಸುತ್ತಿದ್ದೆವು. ಸರ್ ಕೇಳಿದರು, ‘ನಿಮ್ಮವ್ವ ಏನಂತಾಳ? ಅಂವಾ ಬರ್ಲಾಕತ್ತಿದ್ದ ಅಂತಾಳೋ, ಅಂವಾ ಬರ್ತಿದ್ದ ಅಂತಾಳೋ?’ ಎರಡೂ ಅನ್ನುತ್ತಾಳೆ, ಒಂದೊಂದು ಒಂದೊಂದು ಕಡೆ. ‘ಮತ್ತ! ಪುಸ್ತಕದಾಗ ಒಂದಽ ಅದ, ನಿಮ್ಮವ್ವನ ಬಾಯಾಗ ಎರಡು ಅದಾವ. ಇಂಗ್ಲಿಷಿಗೂ ಎರಡಽ ಬೇಕು.’ ನಮ್ಮ ಮಾತು ಒರಟು, ಧಾರವಾಡದವರ ಮುಂದೆ, ಬೆಂಗಳೂರಿನವರ ಮುಂದೆ ಮುಚ್ಚಿಕೊಳ್ಳುವಂಥದ್ದು ಎಂದು ತಿಳಿದಿದ್ದ ಹುಡುಗರು ಅವತ್ತು ಎದೆ ಸೆಟೆಸಿ ಮನೆಗೆ ಹೋದೆವು.

ಅದೇ ವಾರ ಎಲ್ಲರೂ ‘ಯೂಸ್ಡ್ ಟು’ ಹಾಕಿ ಒಂದೊಂದು ವಾಕ್ಯ ಹೇಳಬೇಕಿತ್ತು. ನಾನು ಲಗೋರಿ ಆಡುತ್ತಿದ್ದೆ ಅಂದೆ. ಒಬ್ಬ ಎಮ್ಮೆ ಕಾಯುತ್ತಿದ್ದೆ ಅಂದ. ಕೃಷ್ಣೆಯ ದಂಡೆಯಿಂದ ಬಂದ ಗೆಳೆಯನೊಬ್ಬನಿದ್ದ. ಆಗ ಬಾಗಲಕೋಟೆ ಬೇರೆ ಜಿಲ್ಲೆಯಾಗಿರಲಿಲ್ಲ, ಅದಾದದ್ದು 1997ರಲ್ಲಿ. ಆಲಮಟ್ಟಿಯ ಹಿನ್ನೀರಿಗೆಂದು ಅವರ ಊರು ಎದ್ದು ಪುನರ್ವಸತಿ ಕೇಂದ್ರಕ್ಕೆ ಬಂದಿತ್ತು. ಅವನು ಎದ್ದು ನಿಂತು, ಬಹಳ ಹೊತ್ತು ಸುಮ್ಮನಿದ್ದು, ‘ದೇರ್ ಯೂಸ್ಡ್ ಟು ಬಿ ಎ ವಿಲೇಜ್’ ಅಂದ. ಸರ್ ‘ಕರೆಕ್ಟ್’ ಅನ್ನಲಿಲ್ಲ. ಬೋರ್ಡಿಗೆ ತಿರುಗಿ ಆ ವಾಕ್ಯವನ್ನು ನಿಧಾನಕ್ಕೆ ಬರೆದರು, ಪೂರ್ಣವಿರಾಮ ಇಟ್ಟರು, ಗಂಟೆ ಬಾರಿಸುವವರೆಗೆ ಮತ್ತೇನೂ ಬರೆಯಲಿಲ್ಲ, ಒರೆಸಲೂ ಇಲ್ಲ.

ಇನ್ನು ನಾವು ಮಾಡಿದ ಕಿತಾಪತಿ. ಎರಡನೆಯ ವರ್ಷ, ಜನವರಿ, ಸಿದ್ಧೇಶ್ವರ ಜಾತ್ರೆಯ ಗದ್ದಲ ಇನ್ನೂ ಇಳಿದಿರಲಿಲ್ಲ. ಸರ್ ಆ ದಿನ ರಜೆ ಎಂದು ಸುದ್ದಿ. ನಾಲ್ವರು ಉಳಿದ ಕ್ಲಾಸುಗಳನ್ನೂ ಬಿಟ್ಟು ಗೋಲ ಗುಮ್ಮಟಕ್ಕೆ ಹೋದೆವು. ಮೂಲೆಯ ಗೋಪುರದೊಳಗಿನ ಕಿರಿದಾದ ಮೆಟ್ಟಿಲು ಏಳು ಅಂತಸ್ತು ಏರಿ, ಏದುಸಿರು ಬಿಡುತ್ತ ಪಿಸುಗುಟ್ಟುವ ಗ್ಯಾಲರಿಗೆ ಬಂದೆವು. ಒಬ್ಬ ಚಪ್ಪಾಳೆ ತಟ್ಟಿದ. ಇನ್ನೊಬ್ಬ ಸಿಳ್ಳೆ ಹಾಕಿದ. ನನಗೆ ಸರ್ ದನಿ ಚೆನ್ನಾಗಿ ಬರುತ್ತಿತ್ತು. ಅವರಂತೆ ಕತ್ತು ಒಂದು ಬದಿಗೆ ವಾಲಿಸಿ, ಗೋಡೆಗೆ ಮುಖ ಮಾಡಿ, ‘ಮೊದ್ಲ ಏನಾತು?’ ಅಂದೆ. ಗುಮ್ಮಟ ಅದನ್ನು ಎತ್ತಿಕೊಂಡು ‘ಏನಾತು, ಏನಾತು’ ಎಂದು ಸುತ್ತಿಸಿ ಸುತ್ತಿಸಿ ನಮ್ಮ ಮೇಲೇ ಸುರಿಯಿತು. ಹೊಟ್ಟೆ ಹಿಡಿದು ನಕ್ಕೆವು.

ನಗು ಅಡಗುವುದರೊಳಗೆ ಗೋಡೆಯೇ ನನ್ನ ಕಿವಿಯ ಹತ್ತಿರ ಬಾಯಿ ತಂದು ಮೆಲ್ಲಗೆ ಮಾತಾಡಿತು: ‘ಮೊದ್ಲ ಏನಾತು ಆಮ್ಯಾಲ ನೋಡೂಣು. ಈಗ ಎರಡನೇ ಪೀರಿಯಡ್ ಯಾರದು?’

ಮೈ ತಣ್ಣಗಾಯಿತು. ಸುಮಾರು 38 ಮೀಟರ್ ಆಚೆ, ಎದುರು ಬದಿಯಲ್ಲಿ, ಗೋಡೆಗೆ ತಲೆ ಆನಿಸಿ ಸರ್ ಕುಳಿತಿದ್ದರು. ಪಕ್ಕದಲ್ಲಿ ಜಾತ್ರೆಗೆಂದು ಸೊಲ್ಲಾಪುರದಿಂದ ಬಂದ ಅವರ ಅಕ್ಕ, ಅಕ್ಕನ ಮೊಮ್ಮಕ್ಕಳು. ರಜೆ ಹಾಕಿದ್ದು ಅವರಿಗೆ ಗುಮ್ಮಟ ತೋರಿಸಲು. ನಾವು ಓಡಲಿಲ್ಲ. ಓಡಿದರೆ ಆ ಸಪ್ಪಳವೂ ಗೋಡೆ ಹಿಡಿದು ಅವರಿಗೇ ಮುಟ್ಟುತ್ತಿತ್ತು.

ಹೊಡೆಯಲಿಲ್ಲ, ಪ್ರಾಚಾರ್ಯರಿಗೂ ಹೇಳಲಿಲ್ಲ. ‘ನಿನ್ನಿ ಏನೇನಾತು, ಹತ್ತು ವಾಕ್ಯದಾಗ ಬರದು ತರ್ರಿ. ಭೂತಕಾಲದ ಎಲ್ಲಾ ರೂಪ ಬರಬೇಕು’ ಅಂದರು. ನಾನು ರಾತ್ರಿ ಕಂದೀಲಿನ ಬೆಳಕಿನಲ್ಲಿ ಕುಳಿತು ಬರೆದೆ. ವಿ ವರ್ ಕ್ಲೈಂಬಿಂಗ್, ವಿ ಹ್ಯಾಡ್ ಥಾಟ್, ವಿ ಡಿಡ್ ನಾಟ್ ನೋ. ಏಳನೆಯ ವಾಕ್ಯ ‘ವಿ ಹ್ಯಾಡ್ ಲಾಫ್ಡ್ ವೆನ್ ಯು ಸ್ಪೋಕ್’ ಎಂದಿತ್ತು. ಅದರ ಕೆಳಗೆ ಕೆಂಪು ಮಸಿಯ ಗೆರೆ. ಕರೆದು ಕೇಳಿದರು, ‘ನಾ ಮಾತಾಡೂಕಿಂತ ಮೊದ್ಲ ನಕ್ಕಿದ್ರೋ, ಆಮ್ಯಾಲ ನಕ್ರೋ?’

‘ಮೊದ್ಲ ನಕ್ಕಿದ್ವಿರೀ. ನೀವು ಮಾತಾಡಿದ ಮ್ಯಾಲ ಯಾರೂ ನಗಲಿಲ್ರೀ.’

‘ಹಂಗಾರ ವೆನ್ ತಗದು ಬಿಫೋರ್ ಬರಿ.’

ಅದೇ ಶಿಕ್ಷೆ. ಆ ಹಾಳೆ ನನ್ನ ಹತ್ತಿರ ಇದೆ, ಮಡಿಕೆಯಲ್ಲಿ ಹರಿದಿದೆ, ಕೆಂಪು ಮಸಿ ಕಂದುಬಣ್ಣಕ್ಕೆ ತಿರುಗಿದೆ.

ಪಿಯುಸಿಯಲ್ಲಿ ನಮಗಿದ್ದ ಪದ್ಯ ಯಾವುದು, ಪಾಠ ಯಾವುದು ಎಂದು ಯಾರಾದರೂ ಕೇಳಿದರೆ ಒಂದೂ ನೆನಪಾಗುವುದಿಲ್ಲ. ಆದರೆ ವಕೀಲನಾಗಿ ನಾನು ಗೆದ್ದ ಅತಿ ದೊಡ್ಡ ಪ್ರಕರಣ ನಿಂತದ್ದು ಆ ಕೆಂಪು ಗೆರೆಯ ಮೇಲೆ. ಕೆಳಗಿನ ಕೋರ್ಟಿನಲ್ಲಿ ಸಾಕ್ಷಿ ಹೇಳಿದ್ದು ಕನ್ನಡದಲ್ಲಿ: ‘ನಾ ಹೋಗೂದ್ರಾಗ ಅಂವಾ ಬಿದ್ದಿದ್ದ.’ ಹೈಕೋರ್ಟಿಗೆಂದು ಆದ ಅನುವಾದದಲ್ಲಿ ಅದು ‘ವೆನ್ ಐ ವೆಂಟ್, ಹೀ ಫೆಲ್’ ಆಗಿ ಕುಳಿತಿತ್ತು. ಆಮೇಲೆ ಬಂದ ಮನುಷ್ಯ, ಒಂದು ಹ್ಯಾಡ್ ಬಿಟ್ಟುಹೋದದ್ದಕ್ಕೆ, ಕಣ್ಣಾರೆ ಕಂಡ ಸಾಕ್ಷಿಯಾಗಿಬಿಟ್ಟಿದ್ದ. ನನಗಿಂತ ಮೊದಲು ಆ ಕಡತ ನೋಡಿದ ಯಾರ ಕಣ್ಣಿಗೂ ಅದು ಬಿದ್ದಿರಲಿಲ್ಲ. ನಾನು ಮೂಲ ಕನ್ನಡವನ್ನು ಓದಿ ತೋರಿಸಿದೆ, ಪೀಠ ಒಪ್ಪಿತು, ನನ್ನ ಕಕ್ಷಿದಾರ ಮನೆಗೆ ಹೋದ. ಆ ರಾತ್ರಿ ಸರ್‌ಗೆ ಫೋನ್ ಮಾಡಿದರೆ, ‘ಗಡಿಬಿಡಿ ಮಾಡಬ್ಯಾಡ, ಮೊದ್ಲ ಏನಾತು ಅಲ್ಲಿಂದ ಹೇಳು’ ಅಂದು ಮುಕ್ಕಾಲು ತಾಸು ಕೇಳಿದರು.

2014ರ ನವೆಂಬರಿನಲ್ಲಿ ಊರಿಗೆ ವಿಜಯಪುರ ಎಂದು ಹೆಸರಾದಾಗ ಅವರೇ ಫೋನ್ ಮಾಡಿದ್ದರು. ‘ವಿ ಯೂಸ್ಡ್ ಟು ಲಿವ್ ಇನ್ ಬಿಜಾಪುರ್. ಮನಿ ಬಿಟ್ಟಿಲ್ಲ, ಗಾಡಿ ಹತ್ತಿಲ್ಲ, ಆದ್ರೂ ವಾಕ್ಯ ಸರಿ ಐತಿ ನೋಡು.’

ಹೋದ ಜುಲೈಯಲ್ಲಿ ನಮ್ಮ ಕಾಲೇಜಿಗೆ ಮಾತಾಡಲು ಕರೆದಿದ್ದರು. ಗೋಡೆಯ ಮೇಲೆ ದೊಡ್ಡ ಪರದೆ, ಮಕ್ಕಳ ಕೈಯಲ್ಲಿ ನಾಲ್ಕು ಆಯ್ಕೆಯ ಪ್ರಶ್ನೆಗಳ ಕಟ್ಟು. ಒಬ್ಬ ಹುಡುಗನಿಗೆ ಪಾಸ್ಟ್ ಪರ್ಫೆಕ್ಟ್ ಅಂದರೇನು ಅಂದೆ. ‘ಹ್ಯಾಡ್ ಪ್ಲಸ್ ವಿ ಥ್ರೀ’ ಅಂತ ಥಟ್ಟನೆ ಹೇಳಿದ. ನಿನ್ನೆ ಸಂಜೆ ಏನೇನಾಯಿತು ಇಂಗ್ಲಿಷಿನಲ್ಲಿ ಹೇಳು ಅಂದರೆ ನೆಲ ನೋಡಿದ. ಸೂತ್ರ ಅವನ ಹತ್ತಿರ ಇದೆ, ಅದಕ್ಕೆ ಹಾಕಲು ನಿನ್ನೆ ಇಲ್ಲ. ತಪ್ಪು ಅವನದಲ್ಲ, ನಿನ್ನೆಯದನ್ನು ಅವನಿಗೆ ಯಾರೂ ಕೇಳಿಯೇ ಇಲ್ಲ. ಬೆಂಗಳೂರಿನಲ್ಲಿ ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ನನ್ನ ಮಗಳದು ಇನ್ನೊಂದು ಬಗೆ. ಇಂಗ್ಲಿಷ್ ನೀರು ಕುಡಿದ ಹಾಗೆ ಬರುತ್ತದೆ, ಆದರೆ ಅಜ್ಜಿ ‘ಬರ್ಲಾಕತ್ತಿದ್ಲು’ ಅಂದರೆ ನನ್ನ ಮುಖ ನೋಡುತ್ತಾಳೆ. ಎರಡೂ ದಂಡೆಗೆ ಕಾಲು ಮುಟ್ಟಿಸಿದ ಸರ್ ಅಂಥವರು ಇವರಿಬ್ಬರಿಗೂ ಸಿಗಬೇಕಿತ್ತು.

ಸುದ್ದಿ ಬಂದ ಮರುದಿನ ಅವರ ಮನೆಗೆ ಹೋದೆ. ಕೃಷ್ಣೆಯ ದಂಡೆಯ ಆ ಗೆಳೆಯ, ಈಗ ಹೈಸ್ಕೂಲ್ ಮಾಸ್ತರ, ಆಗಲೇ ಬಂದಿದ್ದ. ಸರ್ ಮನೆಯವರನ್ನು ನಾವೆಲ್ಲ ಕಾಕೂ ಎಂದೇ ಕರೆಯುವುದು. ಪಡಸಾಲೆಯಲ್ಲಿ ಅವರ ಕುರ್ಚಿ ಹಾಗೇ ಇತ್ತು, ಹಿಡಿಕೆಯ ಮೇಲೆ ಕನ್ನಡಕ. ಕಾಕೂ ಅತ್ತಿರಲಿಲ್ಲ, ಅತ್ತು ಮುಗಿದಿತ್ತೋ ಏನೋ. ಕೇಳದೆಯೇ ಹೇಳಿದರು: ‘ಮುಂಜಾನಿ ಚಾ ಕುಡದು ಪೇಪರ್ ಓದಲಾಕತ್ತಿದ್ರಪಾ. ನಾ ಒಳಗ ಹೋಗಿ ಒಂದು ರೊಟ್ಟಿ ಹಂಚಿಗಿ ಹಾಕಿ ಬರೂದ್ರಾಗ ಹೋಗಿದ್ರು.’

ಗೆಳೆಯ ನನ್ನ ಮೊಣಕೈ ಹಿಡಿದ. ಇಬ್ಬರೂ ಏನೂ ಮಾತಾಡಲಿಲ್ಲ.

ಹೊರಗೆ ಬಂದು ರಸ್ತೆಯಲ್ಲಿ ನಿಂತೇ ನಿರ್ಧಾರ ಮಾಡಿದೆವು. ಪ್ರಾಚಾರ್ಯರೂ ಒಪ್ಪಿದ್ದಾರೆ. ಬರುವ ಜೂನ್‌ನಿಂದ ಪ್ರತಿ ರವಿವಾರ ಬೆಳಿಗ್ಗೆ 8ಕ್ಕೆ, ಸರ್ ಕಲಿಸುತ್ತಿದ್ದ ಅದೇ ಕೋಣೆಯಲ್ಲಿ, ಒಂದು ವಾರ ಅವನು, ಒಂದು ವಾರ ನಾನು. ಫೀಯಿಲ್ಲ, ಹಾಜರಿಯಿಲ್ಲ. ಪರದೆ ಬೇಡ, ಸೀಮೆಸುಣ್ಣ ನಾನು ತರುತ್ತೇನೆ. ಬರುವ ಮಕ್ಕಳು ಹಿಂದಿನ ದಿನ ನಿಮ್ಮ ಮನೆಯಲ್ಲಿ ನಡೆದ ಎರಡು ಘಟನೆ ತನ್ನಿ, ಅವ್ವ ಹೇಗೆ ಹೇಳಿದಳೋ ಹಾಗೇ.