ಹಳಿ ಕಿತ್ತ ರೈಲು ಹಾದಿ ಹುಡುಕುವುದು: ನಕ್ಷೆ, ದಾರ, ನೀರಿನ ಪೈಪು

ತರೀಕೆರೆಗೂ ನರಸಿಂಹರಾಜಪುರಕ್ಕೂ ನಡುವೆ ಒಂದು ಕಾಲದಲ್ಲಿ 2 ಅಡಿ ಗೇಜಿನ (ಎರಡು ಹಳಿಗಳ ನಡುವಿನ ಅಂತರ) ಸಣ್ಣ ರೈಲು ಓಡುತ್ತಿತ್ತು. ಇಂಥ ಹಾದಿಯ ಗುರುತು ಹಿಡಿಯಲು ಹೊರಟವರು ಮೊದಲು ಉಪಗ್ರಹ ಚಿತ್ರ ತೆರೆದು ಕೂರುತ್ತಾರೆ. ಬಯಲುಸೀಮೆಗಾದರೆ ಸರಿ, ಮಲೆನಾಡಿನಲ್ಲಿ ಮರದ ನೆತ್ತಿ ಬಿಟ್ಟು ಬೇರೇನೂ ಕಾಣುವುದಿಲ್ಲ. ಹಳೆಯ ನಕ್ಷೆಯಿಂದ ಶುರು ಮಾಡಿ. ಸರ್ವೆ ಆಫ್ ಇಂಡಿಯಾದ ಇಂಚಿಗೊಂದು ಮೈಲಿಯ ಹಾಳೆ ಸಿಕ್ಕರೆ ಅದೃಷ್ಟ. ಇಲ್ಲವಾದರೆ 1950ರ ದಶಕದ ಅಮೆರಿಕನ್ ಸೇನಾ ನಕ್ಷೆಗಳು ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯದ ತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಅವುಗಳಲ್ಲಿ ಒಂದು ಮಿಲಿಮೀಟರ್ ಎಂದರೆ ನೆಲದಲ್ಲಿ 250 ಮೀಟರ್. ಯಾವ ಊರಿನ ಪಕ್ಕ ಹಾದಿತ್ತು ಎಂದು ತಿಳಿಯಲು ಸಾಕು, ಯಾವ ಹೊಲದಲ್ಲಿ ಎಂದು ತಿಳಿಯಲು ಸಾಲದು.

ಹೊಲ ತಿಳಿಯಬೇಕಾದರೆ ಭೂದಾಖಲೆ ಇಲಾಖೆಯ ಗ್ರಾಮ ನಕ್ಷೆ ಇಳಿಸಿಕೊಳ್ಳಿ. ರೈಲಿಗೆ ಬಿಟ್ಟುಕೊಟ್ಟ ಜಮೀನು ಹಲವು ಸರ್ವೆ ನಂಬರುಗಳನ್ನು ಸೀಳಿಕೊಂಡು ಹೋಗುವ ಉದ್ದನೆಯ ಪಟ್ಟಿಯಾಗಿ ಉಳಿದಿರುತ್ತದೆ. ಅದು ಇದ್ದರೆ, ನಿಂತ ಜಾಗದ ಸರ್ವೆ ನಂಬರ್ ತೋರಿಸುವ ದಿಶಾಂಕ್ ಆ್ಯಪ್ ಹಿಡಿದು ಅಲ್ಲಿಗೇ ಹೋಗಿ ನಿಲ್ಲಬಹುದು. ಪಹಣಿಯಲ್ಲಿ ಬಿ ಖರಾಬ್ (ಸಾರ್ವಜನಿಕ ಬಳಕೆಗೆ ಬಿಟ್ಟ ಜಾಗ) ಎಂದಿದ್ದ ಮಾತ್ರಕ್ಕೆ ರೈಲು ಹಾದಿ ಎನ್ನಬೇಡಿ, ಬಂಡಿ ದಾರಿ, ಹಳ್ಳಗಳೂ ಅದರಲ್ಲೇ ಬರುತ್ತವೆ. ಹಾದಿ ಸರ್ಕಾರಿ ಕಾಡಿನೊಳಗೆ ಹೋಗಿದ್ದರೆ ಈ ಪಟ್ಟಿ ಸಿಗದಿರಬಹುದು.

ನೆಲದ ಮೇಲೆ ಹೆಚ್ಚು ಮೋಸ ಮಾಡುವುದು ನಾಲೆ ಮತ್ತು ಹಳೆಯ ಬಂಡಿ ದಾರಿ. ನಾಲೆ ಗುಡ್ಡದ ಮೈಗೆ ಅಂಟಿಕೊಂಡು ಸುತ್ತುತ್ತದೆ. ರೈಲು ಹಾದಿ ದಿಬ್ಬ ಬಂದರೆ ಕಡಿದು, ತಗ್ಗು ಬಂದರೆ ಏರಿ ಹಾಕಿ ಮುಂದೆ ಹೋಗುತ್ತದೆ. ಆದ್ದರಿಂದ ಇಳಿಜಾರು ಅಳೆಯಿರಿ. ಮೊಬೈಲ್ ತೋರಿಸುವ ಎತ್ತರ ಹಲವು ಮೀಟರ್ ತಪ್ಪಿರುತ್ತದೆ, ನಂಬಬೇಡಿ. ಗಾರೆಯವರು ಮಟ್ಟ ನೋಡುವ ಪಾರದರ್ಶಕ ಪೈಪಿಗೆ ಗುಳ್ಳೆ ಉಳಿಯದಂತೆ ನೀರು ತುಂಬಿ, 20 ಮೀಟರ್ ಅಂತರದಲ್ಲಿ ಹಿಡಿಯಿರಿ. ವ್ಯತ್ಯಾಸ 20 ಸೆಂ.ಮೀ. ಇದ್ದರೆ ಇಳಿಜಾರು 100ಕ್ಕೆ 1, ರೈಲಿಗೆ ಒಪ್ಪುವಂಥದ್ದು. ಮೀಟರಿನಷ್ಟು ಬಂದರೆ ಅದು 20ಕ್ಕೆ 1, ಎತ್ತಿನ ಗಾಡಿಯ ದಾರಿಯೇ ಇರಬೇಕು. ಏನೂ ಬರದಿದ್ದರೆ ನಾಲೆಯ ಅನುಮಾನ ಇಟ್ಟುಕೊಂಡು ಇನ್ನೂ 200 ಮೀಟರ್ ಮುಂದೆ ಅಳೆಯಿರಿ, ಏಕೆಂದರೆ ಸ್ಟೇಷನ್ ಇದ್ದ ಜಾಗವೂ ಸಮತಟ್ಟಾಗಿಯೇ ಇರುತ್ತದೆ.

ಇನ್ನು ತಿರುವು. ನನ್ನ ಲೆಕ್ಕದಲ್ಲಿ ಗೇಜು ಹೇಳುವ ಸಾಕ್ಷಿಗಳಲ್ಲಿ ಇದಕ್ಕಿಂತ ಗಟ್ಟಿಯಾದದ್ದು ಇಲ್ಲ. 20 ಮೀಟರ್ ದಾರದ ಎರಡೂ ತುದಿಯನ್ನು ಏರಿಯ ಒಂದೇ ಅಂಚಿಗೆ ಬಿಗಿದು ಹಿಡಿದು, ದಾರದ ನಟ್ಟನಡುವಿನಿಂದ ಅಂಚಿಗೆ ಎಷ್ಟು ದೂರವೆಂದು ಅಳೆಯಿರಿ. ದಾರದ ಉದ್ದದ ವರ್ಗವನ್ನು ಆ ದೂರದ ಎಂಟರಷ್ಟರಿಂದ ಭಾಗಿಸಿದರೆ ತಿರುವಿನ ತ್ರಿಜ್ಯ. 25 ಸೆಂ.ಮೀ. ಬಂದರೆ 200 ಮೀಟರ್. ಭಾರತದ ರೈಲ್ವೆ ನಿಯಮದಲ್ಲಿ ಮೀಟರ್ ಗೇಜಿನ (ಹಳಿಗಳ ನಡುವೆ 1 ಮೀಟರ್) ಅತಿ ಬಿಗಿ ತಿರುವು 16 ಡಿಗ್ರಿ, ಅಂದರೆ ಸುಮಾರು 109 ಮೀಟರ್ ತ್ರಿಜ್ಯ. ಅದಕ್ಕಿಂತ ಕಿರಿದಾದ ನ್ಯಾರೋ ಗೇಜಿಗೆ 40 ಡಿಗ್ರಿ, ಸುಮಾರು 44 ಮೀಟರ್. ಹಾಗಾಗಿ ನಡುವಿನ ದೂರ 46 ಸೆಂ.ಮೀ. ದಾಟಿದರೆ ಮೀಟರ್ ಗೇಜನ್ನು ಮರೆತುಬಿಡಿ. ಏರಿಯ ಅಂಚು ಮಳೆಗೆ ಕುಸಿದಿರುತ್ತದೆ, ಮೂರು ಕಡೆ ಅಳೆದು ಸರಾಸರಿ ತೆಗೆದರೆ ಒಳ್ಳೆಯದು.

ಮೋರಿಗಳನ್ನು ಬಿಡದೆ ನೋಡಿ. ಮಣ್ಣಿನ ಏರಿ ಹೊಲ ಸೇರಿಹೋದರೂ ಕಲ್ಲಿನ ಮೋರಿ ಉಳಿಯುತ್ತದೆ, ಎರಡು ಮೋರಿ ಸಿಕ್ಕರೆ ನಡುವಿನ ಗೆರೆ ಹೆಚ್ಚುಕಡಿಮೆ ಸಿಕ್ಕಂತೆ. ಬೇಲಿಗೆ ನೆಟ್ಟ, ಮನೆಗೆ ತೊಲೆಯಾದ ಹಳಿ ತುಂಡುಗಳನ್ನು ಮಾತ್ರ ಅನುಮಾನದಿಂದ ನೋಡಿ. ಪಕ್ಕೆಯ ಮೇಲೆ ಉಬ್ಬಿದ ಇಸವಿ ಆ ಹಳಿ ಕಾರ್ಖಾನೆಯಲ್ಲಿ ತಯಾರಾದ ವರ್ಷ. ಮುಖ್ಯ ಮಾರ್ಗದಲ್ಲಿ ಸವೆದ ಹಳಿಯನ್ನು ಕವಲು ಮಾರ್ಗಕ್ಕೆ ಹಾಕುವುದು ರೂಢಿ, ಆದ್ದರಿಂದ ಹಾದಿ ತೆರೆದ ವರ್ಷ ಅದರಲ್ಲಿ ಸಿಗದು.

ನರಸಿಂಹರಾಜಪುರದ ಕಡೆಯ ಭದ್ರಾ ಹಿನ್ನೀರಿನ ಅಂಚಿಗೆ ಏಪ್ರಿಲ್–ಮೇ ಹೊತ್ತಿಗೆ ಹೋಗಿ, ನೀರು ಇಳಿದಿರುತ್ತದೆ. ಮಳೆಗಾಲದಲ್ಲಿ ಇಂಬಳದ ಕಾಟ, ಲಂಟಾನವೂ ಬೆಳೆದು ಏರಿ ಮುಚ್ಚಿರುತ್ತದೆ. ಭದ್ರಾ ಹುಲಿ ಸಂರಕ್ಷಿತ ಪ್ರದೇಶಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಸಿಕ್ಕ ಮೊಳೆ, ಚೇರುಗಳ (ಹಳಿಯನ್ನು ಹಿಡಿದಿಡುವ ಕಬ್ಬಿಣದ ಕೂರುಗಳು) ಫೋಟೋ ತೆಗೆದು ಅಲ್ಲೇ ಬಿಡಿ. ರೈಲ್ವೆ ಸ್ವತ್ತನ್ನು ಅಕ್ರಮವಾಗಿ ಇಟ್ಟುಕೊಳ್ಳುವುದರ ವಿರುದ್ಧ 1966ರ ಕಾಯ್ದೆಯೇ ಇದೆ.