ಅಜ್ಜನ ಜಾತ್ರೆಗೆ ಒಂದು ಬುಟ್ಟಿ ರೊಟ್ಟಿ

ಪುಷ್ಯ ಮಾಸದ ಬನದ ಹುಣ್ಣಿಮೆ ಹತ್ತಿರ ಬಂತೆಂದರೆ ಕೊಪ್ಪಳ ಸುತ್ತಿನ ಹಳ್ಳಿಗಳಲ್ಲಿ ಒಲೆ ಆರುವುದೇ ಇಲ್ಲ. ಹುಣ್ಣಿಮೆ ಕಳೆದು ಬಿದಿಗೆಯ ದಿನ ಕೊಪ್ಪಳದ ಗವಿಮಠದಲ್ಲಿ ಗವಿಸಿದ್ಧೇಶ್ವರನ ತೇರು, ನಾವು ಅಜ್ಜ ಅನ್ನುವುದು ಅವನನ್ನೇ. ಅಮಾವಾಸ್ಯೆವರೆಗೂ ಮಠದಲ್ಲಿ ಮಹಾದಾಸೋಹ. ಯಾವ ಊರು, ಯಾವ ಜಾತಿ ಅಂತ ಯಾರೂ ಕೇಳುವುದಿಲ್ಲ. ಬಂದು ಕೂತವರಿಗೆಲ್ಲ ಊಟ. ರೊಟ್ಟಿ, ಪಲ್ಯ, ಸಿಹಿ ಮಾದಲಿ, ಅನ್ನ, ಸಾರು. ಒಂದು ದಿನವಂತೂ ಮಿರ್ಚಿ ಬಜ್ಜಿ, ಅದೂ ಲಕ್ಷಗಟ್ಟಲೆ!

ಇಷ್ಟು ಜನಕ್ಕೆ ಬೇಕಾಗುವ ರೊಟ್ಟಿ ಒಂದು ಅಡುಗೆಮನೆಯಲ್ಲಿ ಆಗುವ ಮಾತಲ್ಲ. ಊರೂರಿನ ಹೆಣ್ಣುಮಕ್ಕಳು ತಮ್ಮ ತಮ್ಮ ಮನೆಯಲ್ಲಿ ಬಡಿದು, ಖಡಕ್ ಮಾಡಿ, ಬುಟ್ಟಿ ಕಟ್ಟಿ ಕೊಡುತ್ತಾರೆ. ಖಡಕ್ ರೊಟ್ಟಿಯಲ್ಲಿ ನೀರಿನಂಶ ತೀರಾ ಕಡಿಮೆ, ಹಾಗಾಗಿ ಬಹಳ ದಿನ ಇಟ್ಟರೂ ಕೆಡುವುದಿಲ್ಲ. ಊರಿನ ರೊಟ್ಟಿಯೆಲ್ಲ ಟ್ರ್ಯಾಕ್ಟರ್ ಏರಿ, ಮುಂದೆ ಡೊಳ್ಳು, ಹಿಂದೆ ಭಜನೆ ಅಂತ ಮಠಕ್ಕೆ ಹೊರಡುತ್ತದೆ. ಅದನ್ನು ಕಣ್ಣಾರೆ ನೋಡಬೇಕು.

ಈ ಸಲದ ಜಾತ್ರೆಯಲ್ಲಿ ನಾನು ಆ ರೊಟ್ಟಿ ರಾಶಿಯ ಹತ್ತಿರ ಬಹಳ ಹೊತ್ತು ನಿಂತುಬಿಟ್ಟೆ. ಬಿಳಿ ಜೋಳದ್ದು, ಸಜ್ಜೆಯದ್ದು, ಅಗಲವಾದದ್ದು, ಅಂಚು ಸೀಳಿದ್ದು, ಒಂದು ಮಗ್ಗುಲು ಸ್ವಲ್ಪ ಕರಕಾದದ್ದು. ಹತ್ತು ಎಕರೆ ನೀರಾವರಿ ಇದ್ದವರ ರೊಟ್ಟಿಯೂ ಅಲ್ಲೇ ಇತ್ತು, ಕೂಲಿ ಮಾಡುವವಳ ರೊಟ್ಟಿಯೂ ಅಲ್ಲೇ ಇತ್ತು. ಯಾವುದರ ಮೇಲೂ ಹೆಸರಿಲ್ಲ. ನನಗೆ ನಮ್ಮ ಆಯಿ, ಅಂದರೆ ಅಜ್ಜಿ, ನೆನಪಾಗಿ ಕಣ್ಣು ತುಂಬಿ ಬಂತು.

ನಮ್ಮ ಆಯಿಗೆ ಸ್ವಂತ ಹೊಲ ಇರಲಿಲ್ಲ. ಮಂದಿಯ ಹೊಲಕ್ಕೆ ಜೋಳ ಕೊಯ್ಯಲು ಹೋಗುತ್ತಿದ್ದಳು, ಕೂಲಿಯಾಗಿ ಕಾಳು ತರುತ್ತಿದ್ದಳು. ಬಂದವಳೇ ಕೈಕಾಲು ತೊಳೆದು, ವಿಭೂತಿ ಹಚ್ಚಿಕೊಂಡು, ಉಡಿಯಿಂದ ಒಂದು ಹಿಡಿ ಕಾಳು ತೆಗೆದು ಮೂಲೆಯ ಸಣ್ಣ ಗಡಿಗೆಗೆ ಹಾಕುವಳು. ಅದು ಗವಿಸಿದ್ಧಪ್ಪನ ಗಡಿಗೆ. ಮನೆಯಲ್ಲಿ ಎಷ್ಟೇ ತಾಪತ್ರಯ ಇರಲಿ, ಅದಕ್ಕೆ ಯಾರೂ ಕೈ ಹಾಕುವಂತಿರಲಿಲ್ಲ. "ಮೊದಲ ಹಿಡಿ ಅಜ್ಜಗ, ಆಮ್ಯಾಲೆ ನಮಗ" ಅನ್ನುತ್ತಿದ್ದಳು. ಉಂಡು ಉಳಿದರೆ ಕೊಡೋಣ ಅನ್ನುವ ಲೆಕ್ಕವೇ ಅವಳಿಗೆ ಗೊತ್ತಿರಲಿಲ್ಲ.

ಜಾತ್ರೆಗೆ ರೊಟ್ಟಿ ಬಡಿಯುವ ರಾತ್ರಿ ಅವಳನ್ನು ನೋಡಬೇಕಿತ್ತು. ಬಳೆಗಳನ್ನು ಮೊಣಕೈವರೆಗೂ ಏರಿಸಿಕೊಂಡು ಕೂರುವಳು. ಹಿಟ್ಟಿಗೆ ಎಸರು ಹಾಕಿ, ಬಿಸಿ ಇರುವಾಗಲೇ ಅಂಗೈಯಿಂದ ಒತ್ತಿ ಒತ್ತಿ ನಾದುವಳು. ಆಮೇಲೆ ಶುರು, ತಪ್ ತಪ್ ತಪ್. ಬಲಗೈ ಬಡಿಯುತ್ತಿದ್ದರೆ ಎಡಗೈ ಅಂಚು ಸರಿಮಾಡುತ್ತ ರೊಟ್ಟಿಯನ್ನು ತಿರುಗಿಸುತ್ತಿತ್ತು. ಹಂಚಿಗೆ ಹಾಕಿ ಒದ್ದೆ ಅರಿವೆಯಿಂದ ಮೇಲೆ ನೀರು ಸವರಿದರೆ ಚುಂಯ್ ಅಂತ ಹಬೆ ಏಳುವುದು. ಬೆಂದ ರೊಟ್ಟಿಯನ್ನು ಒಲೆಗೆ ಆನಿಸಿ ನಿಲ್ಲಿಸುವಳು. ಪಕ್ಕದ ಮನೆಯಲ್ಲೂ ತಪ್ ತಪ್, ಅದರಾಚೆಯ ಮನೆಯಲ್ಲೂ ತಪ್ ತಪ್. ಇಡೀ ಓಣಿ ಸೇರಿ ಹಲಗೆ ಬಾರಿಸಿದ ಹಾಗೆ. ನಾನು ಕೌದಿ ಹೊದ್ದು ಆ ಸಪ್ಪಳ ಕೇಳುತ್ತಲೇ ನಿದ್ದೆ ಹೋಗುತ್ತಿದ್ದೆ. ಇವತ್ತಿಗೂ ನನಗೆ ಓಂ ನಮಃ ಶಿವಾಯ ಅಂದರೆ ಮೊದಲು ಕಿವಿಗೆ ಬರುವುದು ಆ ತಪ್ ತಪ್ ಸಪ್ಪಳವೇ. ಬಡಿಯುವಾಗ ಆಯಿ ಬಾಯಲ್ಲಿ ಅದನ್ನೇ ಅನ್ನುತ್ತಿದ್ದಳು.

ಒಂದು ವರ್ಷ ಮಳೆ ಕೈಕೊಟ್ಟಿತ್ತು. ಗಡಿಗೆಯಲ್ಲಿ ಜೋಳ ಇರಲಿಲ್ಲ, ಒಂದಿಷ್ಟು ಸಜ್ಜೆ ಇತ್ತು. ಆಯಿ ಅದನ್ನೇ ಬೀಸಿಸಿ, ಎಳ್ಳು ಹಚ್ಚಿ, ಅಂಗೈಯಗಲದ ರೊಟ್ಟಿ ಮಾಡಿದಳು. "ಎಲ್ಲಾರೂ ಬಿಳಿಜ್ವಾಳದ್ದು ಒಯ್ತಾರ, ನಾವು ಇವನ್ನ ಒಯ್ದ್ರ ಮಂದಿ ನಗ್ತಾರ ಅತ್ತಿ" ಅಂದಳು ನಮ್ಮವ್ವ. ಆಯಿ ತಲೆ ಎತ್ತಲೂ ಇಲ್ಲ. "ಹಸದ ಹೊಟ್ಟಿ ಜ್ವಾಳೋ ಸಜ್ಜಿಯೋ ಅಂತ ಕೇಳ್ತೈತೇನವಾ? ಕಟ್ಟು ಬುಟ್ಟಿ" ಅಂದಳು. ಅವ್ವ ಕಟ್ಟಿದಳು.

ಬಸವಣ್ಣನ ಕಾಲದ ಶರಣೆ ಆಯ್ದಕ್ಕಿ ಲಕ್ಕಮ್ಮನೂ ನಮ್ಮ ಸೀಮೆಯ ಕಡೆಯವಳೇ, ಪಕ್ಕದ ರಾಯಚೂರಿನ ಅಮರೇಶ್ವರದವಳು. ಕಲ್ಯಾಣದ ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ಜಂಗಮರಿಗೆ ಉಣಿಸಿದ ದಂಪತಿ ಅವಳು ಮತ್ತು ಅವಳ ಗಂಡ ಮಾರಯ್ಯ. ಒಂದು ದಿನ ಮಾರಯ್ಯ ಜಾಸ್ತಿ ಅಕ್ಕಿ ತಂದ. ನಮಗೆ ಬೇಕಾದಷ್ಟು ಸಾಕು, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಅಂತ ಅವನನ್ನು ತಿರುಗಿ ಕಳಿಸಿದಳು. ಅವಳ ಹಿಡಿ ಅಕ್ಕಿಯಲ್ಲೇ ಬಸವಣ್ಣ ಮತ್ತು ಶರಣರೆಲ್ಲ ಉಂಡು ತೃಪ್ತರಾದರು ಅನ್ನುವ ಕಥೆ ನಿಮಗೆಲ್ಲ ಗೊತ್ತೇ ಇದೆ. ನಾನು ಆ ಕಥೆಯನ್ನು ಕೇಳುವಾಗಲೆಲ್ಲ ಲಕ್ಕಮ್ಮನಿಗೆ ನಮ್ಮ ಆಯಿಯ ಮುಖವೇ ಬರುತ್ತದೆ.

ಗವಿಮಠದ ಗುಡ್ಡದ ಬಂಡೆಯ ಮೇಲೆ ಅಶೋಕನ ಶಾಸನವಿದೆ. ಎರಡು ಸಾವಿರ ವರ್ಷಕ್ಕೂ ಹಿಂದಿನದು. ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಮನಸ್ಸಿಟ್ಟು ದುಡಿದರೆ ಸ್ವರ್ಗ ಪಡೆಯಬಹುದು ಅನ್ನುವ ಮಾತು ಅದರಲ್ಲಿದೆ. ಅದೇ ಗುಡ್ಡದ ಬುಡಕ್ಕೆ ವರ್ಷಾ ವರ್ಷಾ ಬಡವರ ಮನೆ ರೊಟ್ಟಿ ಬಂದು ಬೀಳುತ್ತದಲ್ಲ, ಇದು ಆ ಗವಿಸಿದ್ಧನ ಲೀಲೆ ಅಂತಲೇ ನನ್ನ ನಂಬಿಕೆ.

ಒಂದು ಸಂಕಟ ಮಾತ್ರ ಹೇಳಿಬಿಡುತ್ತೇನೆ. ಈಗೀಗ ಅಂಗಡಿಯಿಂದ ಮಷೀನ್ ರೊಟ್ಟಿ ತಂದು ಬುಟ್ಟಿಗೆ ಹಾಕುವವರು ಕಾಣುತ್ತಿದ್ದಾರೆ. ಟೈಮಿಲ್ಲ ಅನ್ನುತ್ತಾರೆ. ಕೊಡುವುದಕ್ಕಿಂತ ಮೊದಲು ಫೋಟೋ ಬೇಕು. ತಂದವರನ್ನು ಬೇಡ ಅನ್ನುವ ಹಕ್ಕು ನನಗಿಲ್ಲ, ಅಜ್ಜ ಎಲ್ಲರದ್ದನ್ನೂ ತಗೊಳ್ಳುತ್ತಾನೆ. ಆದರೂ ನಮ್ಮ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಿಗೆ ಇಬ್ಬರಿಗೂ ಹೇಳುತ್ತೇನೆ, ಐದೇ ರೊಟ್ಟಿ ಆಗಲಿ, ನಿಮ್ಮ ಕೈಯಿಂದ ಬಡಿಯಿರಿ. ಗ್ಯಾಸ್ ಒಲೆಯಾದರೂ ನಡೆಯುತ್ತದೆ. ಅಂಚು ಸೀಳಿದರೂ ಚಿಂತೆಯಿಲ್ಲ, ಆ ರಾಶಿಯಲ್ಲಿ ಅಂಥವು ಬೇಕಾದಷ್ಟಿವೆ.

ನಾನೀಗ ಪೇಟೆಯಲ್ಲಿದ್ದೇನೆ. ನನ್ನ ಅಡುಗೆಮನೆಯಲ್ಲೂ ಒಂದು ಡಬ್ಬಿ ಇದೆ, ದಿನಾ ಒಂದು ಹಿಡಿ ಜೋಳ ಬೀಳುತ್ತದೆ. ರೊಟ್ಟಿ ಬಡಿಯಲು ಬರುವುದೇ ಇಲ್ಲ ಅನ್ನುವವರೂ ಸುಮ್ನೆ ಮನೆಯಲ್ಲಿ ಕೂರಬೇಡಿ. ದಾಸೋಹದಲ್ಲಿ ತರಕಾರಿ ಹೆಚ್ಚಲು, ಬಡಿಸಲು, ಎಲೆ ಎತ್ತಲು, ಪಾತ್ರೆ ತೊಳೆಯಲು ಎಷ್ಟು ಕೈ ಇದ್ದರೂ ಸಾಲುವುದಿಲ್ಲ. ಬರುವ ಬನದ ಹುಣ್ಣಿಮೆಗೆ ಎರಡು ದಿನ ರಜೆ ಹಾಕಿ ಬನ್ನಿ.