ಎರಡೂ ಒಬ್ಬರೇ ಬರೆದಿದ್ದಲ್ವಾ ಅಪ್ಪಾ?

ಮೊನ್ನೆ ಸಂಜೆ ತುಮಕೂರಿನ ಬಿ.ಎಚ್. ರಸ್ತೆಯ ಕಡೆ ಒಂದು ಪುಸ್ತಕದ ಅಂಗಡಿಯಲ್ಲಿ ಕೇಳಿದ ಮಾತು ಇದು. ಇನ್ನೂ ತಲೆಯಿಂದ ಹೋಗಿಲ್ಲ.

ಕೇಳಿದವಳು ಏಳನೆಯದೋ ಎಂಟನೆಯದೋ ಕ್ಲಾಸಿನ ಹುಡುಗಿ. ಸ್ಕೂಲಿನಿಂದ ನೇರ ಬಂದಿದ್ದಳು ಅನ್ಸುತ್ತೆ, ಬ್ಯಾಗು ಇನ್ನೂ ಬೆನ್ನಲ್ಲೇ ಇತ್ತು. ಒಂದು ಕೈಯಲ್ಲಿ ಪೂರ್ಣಚಂದ್ರ ತೇಜಸ್ವಿಯವರ ‘ಜುಗಾರಿ ಕ್ರಾಸ್’, ಇನ್ನೊಂದು ಕೈಯಲ್ಲಿ ‘ಪರಿಸರದ ಕತೆ’.

“ಅದನ್ನ ಇಡಮ್ಮಾ. ಅದು ಪತ್ತೇದಾರಿ. ಬರೀ ಕಳ್ಳರು, ಖದೀಮರು. ಇದನ್ನ ತಗೋ, ಇದು ಮಕ್ಕಳು ಓದೋದು.”

“ಎರಡೂ ಒಬ್ಬರೇ ಬರೆದಿದ್ದಲ್ವಾ ಅಪ್ಪಾ?”

ಅಪ್ಪನ ಹತ್ತಿರ ಉತ್ತರ ಇರಲಿಲ್ಲ. ಅಂಗಡಿಯವರ ಮುಖ ನೋಡಿದರು. ಅವರು ಬಿಲ್ ಬುಕ್ಕಿನಿಂದ ತಲೆ ಎತ್ತದೆ, “ದೊಡ್ಡೋಳಾದ ಮೇಲೆ ಓದುವಂತೆ ಬಿಡು ಪುಟ್ಟಾ” ಅಂದರು. ಹುಡುಗಿ ಪುಸ್ತಕ ವಾಪಸ್ ಇಟ್ಟಳು. ಇಡುವ ಮುಂಚೆ ಹಿಂದಿನ ಪುಟವನ್ನು ಬೇಗ ಬೇಗ ಓದಿಕೊಂಡಳು, ತುಟಿ ಅಲ್ಲಾಡುತ್ತಿತ್ತು.

ಆ ಅಪ್ಪನ ಬಗ್ಗೆ ನನಗೆ ಕೋಪ ಇಲ್ಲ. ಗೈಡು, ಪ್ರಶ್ನೆ ಬ್ಯಾಂಕು ಬಿಟ್ಟು ಮಗಳಿಗೆ ಕತೆ ಪುಸ್ತಕ ಕೊಡಿಸೋಕೆ ಬಂದ ಮನುಷ್ಯ ಅವರು, ಅಷ್ಟಕ್ಕೇ ಗೌರವ ಕೊಡಬೇಕು. ಬೇಜಾರಾಗಿದ್ದು ಅಂಗಡಿಯವರ ಮಾತಿಗೆ. ದಿನವಿಡೀ ಪುಸ್ತಕದ ಮಧ್ಯೆ ಕೂರುವವರು. ಒಂದು ನಿಮಿಷ ತಲೆ ಎತ್ತಿ ಆ ಮಗುವಿಗೆ ಏನಾದರೂ ಹೇಳಬಹುದಿತ್ತು. ಅದು ಅಷ್ಟು ಒಳ್ಳೆಯ ಪ್ರಶ್ನೆ.

ಯಾಕಂದ್ರೆ ‘ಪರಿಸರದ ಕತೆ’ಯನ್ನು ಮಕ್ಕಳ ಪುಸ್ತಕ ಅಂತ ಪಕ್ಕಕ್ಕೆ ತೆಗೆದಿಟ್ಟವರು ನಾವು. ಅದರಲ್ಲಿ ಕಿವಿ ಅನ್ನೋ ನಾಯಿ ಇದೆ, ಮಗಳು ಸುಸ್ಮಿತ ಇದ್ದಾಳೆ, ಹಕ್ಕಿಮರಿ ಇದೆ, ಸರಿ. ಕೋವಿಯೂ ಇದೆ, ಬೇಟೆಯೂ ಇದೆ. ಮಾರ, ಪ್ಯಾರ, ಮಾಸ್ತಿ ಇವರೆಲ್ಲ ನೀತಿಪಾಠದ ಪುಸ್ತಕದಲ್ಲಿ ಸಿಗುವ ಜನ ಅಲ್ಲ. ಹಾಗಿದ್ದೂ ಹತ್ತು ವರ್ಷದ ಮಗು ಆ ಪುಸ್ತಕ ಹಿಡಿದರೆ ಊಟಕ್ಕೆ ಕರೆದರೂ ಬರಲ್ಲ. ಮಕ್ಕಳಿಗೆ ಅಂತ ದನಿ ಸಣ್ಣ ಮಾಡಿಕೊಂಡು ಬರೆದಿಲ್ಲ ಅವರು, ಅದಕ್ಕೇ ಹಿಡಿಸುತ್ತೆ ಅಂತ ನನ್ನ ನಂಬಿಕೆ.

ಇನ್ನು ‘ಜುಗಾರಿ ಕ್ರಾಸ್’. ಏಲಕ್ಕಿ ಮಾರೋಕೆ ಹೊರಟ ಸುರೇಶ, ಗೌರಿ ಅನ್ನೋ ಎಳೆಯ ಗಂಡ ಹೆಂಡತಿ, ಒಂದು ಹಗಲು ಒಂದು ರಾತ್ರಿಯಲ್ಲಿ ಅವರ ಮೇಲೆ ಬಂದು ಬೀಳುವ ಗಂಡಾಂತರ, ನಡುವೆ ಒಂದು ಹಳೆಗನ್ನಡ ಕಾವ್ಯದ ಒಗಟು. ಕಳ್ಳರಿದ್ದಾರೆ, ನಿಜ. ಆದರೆ ಆ ಕಳ್ಳರು ಕದಿಯುತ್ತಿರುವುದು ಕಾಡನ್ನು. ‘ಪರಿಸರದ ಕತೆ’ ಓದಿ ಆ ಕಾಡನ್ನು ಇಷ್ಟಪಟ್ಟ ಮಗುವಿಗೆ, ಅದನ್ನು ಯಾರು ಲೂಟಿ ಹೊಡೀತಿದ್ದಾರೆ ಅಂತ ತಿಳಿದುಕೊಳ್ಳೋ ಹಕ್ಕಿಲ್ವಾ?

ಮನೆಗೆ ಬಂದು ನನ್ನ ಕಪಾಟಿನ ತೇಜಸ್ವಿ ಪುಸ್ತಕಗಳನ್ನೆಲ್ಲ ಕೆಳಗೆ ಹರಡಿಕೊಂಡು ಕೂತೆ. ಆ ಹುಡುಗಿಗೆ ಹೇಳಬೇಕಾದ ಉತ್ತರ ಆಗ ಸಿಕ್ಕಿತು.

‘ಚಿದಂಬರ ರಹಸ್ಯ’ ತಗೊಳ್ಳಿ. 1985ರ ಕಾದಂಬರಿ, 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕೆಸರೂರಿನಲ್ಲಿ ಏಲಕ್ಕಿ ಬೆಳೆ ಕುಸಿದಿದೆ, ಜೋಗಿಹಾಳ್ ಅನ್ನೋ ವಿಜ್ಞಾನಿ ಸತ್ತಿದ್ದಾರೆ, ಪತ್ತೆ ಮಾಡೋಕೆ ಶಾಮನಂದನ ಅಂಗಡಿ ಅನ್ನೋ ಅಧಿಕಾರಿ ಬರುತ್ತಾರೆ. ಅಪ್ಪಟ ಪತ್ತೇದಾರಿ ಸಾಮಗ್ರಿ. ಈಗ 1980ರ ‘ಕರ್ವಾಲೋ’ ನೋಡಿ. ಕೊಲೆಯೂ ಇಲ್ಲ, ಕಳ್ಳನೂ ಇಲ್ಲ. ಜೇನಿನ ಹಿಂದೆ ಹೋದರೆ ಮಂದಣ್ಣ ಸಿಗುತ್ತಾನೆ, ಮಂದಣ್ಣನ ಹಿಂದೆ ಹೋದರೆ ವಿಜ್ಞಾನಿ ಕರ್ವಾಲೋ, ಅವರ ಹಿಂದೆ ಹೋದರೆ ಎಲ್ಲರೂ ಸೇರಿ ಹಾರುವ ಓತಿ ಹುಡುಕಿಕೊಂಡು ಕಾಡಿಗೆ. ಒಂದು ಸುಳಿವು ಹಿಡಿದು ಇನ್ನೊಂದಕ್ಕೆ ಹೋಗುವುದೇ ಕತೆ. ಕೊನೆಗೂ ಓತಿ ಕೈಗೆ ಸಿಗಲ್ಲ. ಪತ್ತೇದಾರಿ ಅಂತ ನಾವು ಕರೆಯದ ಆ ಪುಸ್ತಕದಲ್ಲಿ ಅಷ್ಟು ದೊಡ್ಡ ಪತ್ತೇದಾರಿ ಕೆಲಸ ನಡೆಯುತ್ತೆ! ಹಕ್ಕಿಯ ಫೋಟೋ ತೆಗೆಯೋಕೆ ಗಂಟೆಗಟ್ಟಲೆ ಕಾಯುತ್ತಿದ್ದ ತೇಜಸ್ವಿಯವರಿಗೆ ಕಳ್ಳನ ಜಾಡು ಹಿಡಿಯೋದು ಬೇರೆ ಕಸುಬು ಆಗಿರಲಿಲ್ಲ. ಎರಡಕ್ಕೂ ಬೇಕಾಗಿದ್ದು ತಾಳ್ಮೆ, ಸಣ್ಣದನ್ನೂ ಬಿಡದೆ ನೋಡೋ ಕಣ್ಣು.

‘ಕೃಷ್ಣೇಗೌಡನ ಆನೆ’ಯಲ್ಲೂ ಹೀಗೇ. ಸಾವಿದೆ, ಕಾಣೆಯಾದವನಿದ್ದಾನೆ, ಊರವರ ಬೆರಳೆಲ್ಲ ಆನೆಯ ಕಡೆಗೆ. ನಿಜವಾದ ತಪ್ಪು ಯಾರದ್ದು ಅಂತ ಓದುವವರೇ ಯೋಚಿಸಬೇಕು. ಅದನ್ನು ದ್ವಿತೀಯ ಪಿಯುಸಿಗೆ ಪಾಠವಾಗಿಯೇ ಇಟ್ಟಿದ್ದಾರೆ. ಅಂದರೆ ಇನ್ನು ಕೆಲವು ವರ್ಷಕ್ಕೆ ಆ ಹುಡುಗಿಗೆ ಇದೇ ಬಗೆಯ ಕತೆಯ ಮೇಲೆ ಪರೀಕ್ಷೆ ಇರುತ್ತೆ. ಈಗ ಆಸೆಪಟ್ಟು ಓದ್ತೀನಿ ಅಂದ್ರೆ ಬೇಡ, ಆಗ ಅಂಕಕ್ಕಾಗಿ ಓದು ಅಂದ್ರೆ ಸರಿ. ಇದು ನನಗೆ ಸಹಿಸೋಕೆ ಆಗಲ್ಲ. ಓದೋ ಮಕ್ಕಳು ಓದು ಬಿಡೋದು ಸಾಮಾನ್ಯವಾಗಿ ಈ ವಯಸ್ಸಿನಲ್ಲೇ. ಸಣ್ಣವರ ಪುಸ್ತಕ ಮುಗಿದಿರುತ್ತೆ, ದೊಡ್ಡವರ ಪುಸ್ತಕಕ್ಕೆ ಬಿಡಲ್ಲ, ನಡುವೆ ಮೊಬೈಲ್ ಕೈಗೆ ಬರುತ್ತೆ.

ಅವತ್ತು ನಾನು ಸುಮ್ನಿರಲಿಲ್ಲ. ಆ ಅಪ್ಪನ ಹತ್ತಿರ ಹೋಗಿ, “ಸಾರ್, ಜುಗಾರಿ ಕ್ರಾಸ್ ನೀವು ಓದಿದ್ದೀರಾ?” ಅಂದೆ. “ಇಲ್ಲ, ಹೆಸರು ಕೇಳಿದೀನಿ” ಅಂದರು. “ಹಾಗಾದ್ರೆ ನಿಮಗೋಸ್ಕರ ತಗೊಳ್ಳಿ. ಮೊದಲು ನೀವು ಓದಿ, ಕೊಡೋದು ಬಿಡೋದು ಆಮೇಲೆ ನೋಡಿ” ಅಂದೆ. ಅವರು ನಕ್ಕರು. “ಮುಂದಿನ ಸಲ ನೋಡೋಣ ಸಾರ್” ಅಂತ ‘ಪರಿಸರದ ಕತೆ’ಗೆ ಮಾತ್ರ ದುಡ್ಡು ಕೊಟ್ಟು ಹೊರಟರು.

ಹೋಗಲಿ, ಅದೂ ಒಳ್ಳೆಯ ಶುರುವೇ. ನನ್ನ ತಂಗಿಯ ಮಗ ರಜಕ್ಕೆ ಬರ್ತಿದ್ದಾನೆ, ಅವನಿಗೆ ಬೇರೆ ಥರ ಮಾಡೋಣ ಅಂತಿದ್ದೀನಿ. ಮೊದಲು ‘ಮುನಿಶಾಮಿ ಮತ್ತು ಮಾಗಡಿ ಚಿರತೆ’. ಕೆನೆತ್ ಆಂಡರ್ಸನ್ ಬೇಟೆ ಅನುಭವಗಳನ್ನು ತೇಜಸ್ವಿ ಕನ್ನಡಕ್ಕೆ ತಂದ ಕಾಡಿನ ಕತೆಗಳಲ್ಲಿ ಅದೂ ಒಂದು. ಮಾಗಡಿ ನಮಗೇನು ದೂರ ಅಲ್ಲ. ಆಂಡರ್ಸನ್ ನಮ್ಮ ದೇವರಾಯನದುರ್ಗದ ಹುಲಿಯ ಬಗ್ಗೆಯೂ ಬರೆದಿದ್ದಾರೆ ಅಂತ ಹೇಳಿ, ಒಂದು ಭಾನುವಾರ ಬೆಟ್ಟಕ್ಕೂ ನಾಮದ ಚಿಲುಮೆಗೂ ಕರ್ಕೊಂಡು ಹೋಗ್ತೀನಿ. ಆಮೇಲೆ ‘ಕರ್ವಾಲೋ’. ‘ಜುಗಾರಿ ಕ್ರಾಸ್’ ಓದು ಅಂತ ನಾನು ಹೇಳಲ್ಲ. ಟಿವಿ ಪಕ್ಕದ ಮೇಜಿನ ಮೇಲೆ ಇಟ್ಟಿರ್ತೀನಿ, ಅವನೇ ಎತ್ಕೋತಾನೆ.